ಕಾಲೇಜು ಅರ್ಜಿಯ ಪ್ರಬಂಧ: ಪೀಠಿಕೆ ಬಿಟ್ಟು ಬರೆಯುವುದು ಹೇಗೆ?

ಹೊರದೇಶದ ಕಾಲೇಜುಗಳಿಗೆ ಅರ್ಜಿ ಹಾಕುವ ಮೈಸೂರು, ಮಂಡ್ಯದ ಮಕ್ಕಳ ಪ್ರಬಂಧಗಳನ್ನು ಕೆಲವು ವರ್ಷಗಳಿಂದ ಓದುತ್ತಿರುವ ನನಗೆ, ಮೊದಲ ಪ್ಯಾರಾದಲ್ಲಿ ಏನಿರುತ್ತದೆ ಎಂಬುದು ಈಗ ಓದುವ ಮೊದಲೇ ಗೊತ್ತಾಗುತ್ತದೆ: ಒಂದು ಸುಭಾಷಿತ, ಅಬ್ದುಲ್ ಕಲಾಂ ಅವರ ಹೆಸರು, ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂಬ ವಾಕ್ಯ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಚೌಕಟ್ಟಿನಲ್ಲಿ ಬರೆದು ಹತ್ತನೆಯ ತರಗತಿಯಲ್ಲಿ ಅಂಕ ಗಳಿಸಿದವರು ಅದನ್ನೇ ಇಲ್ಲಿಗೂ ತರುತ್ತಾರೆ. ಅಂಕಪಟ್ಟಿ, ಬಹುಮಾನಗಳ ವಿವರ ಅರ್ಜಿಯ ಬೇರೆ ಭಾಗದಲ್ಲಿ ಹೇಗೂ ಇರುತ್ತದೆ. ಅಲ್ಲಿ ಕಾಣದ ವ್ಯಕ್ತಿಯನ್ನು ನೋಡುವುದಕ್ಕಾಗಿಯೇ ಪ್ರಬಂಧ ಕೇಳುತ್ತಾರೆ.

ಮೊದಲು, ಯಾರು ಏನು ಕೇಳಿದ್ದಾರೆ ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳಿ. ಅಮೆರಿಕದ ಬಹಳಷ್ಟು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿಯಲ್ಲಿ 7 ವಿಷಯಗಳಲ್ಲಿ ಒಂದನ್ನು ಆರಿಸಿಕೊಂಡು 250ರಿಂದ 650 ಪದಗಳೊಳಗೆ ಬರೆಯಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 8 ಪ್ರಶ್ನೆಗಳಲ್ಲಿ 4ಕ್ಕೆ, ತಲಾ 350 ಪದ ಮೀರದಂತೆ ಉತ್ತರ ಕೇಳುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸ್ವೀಕರಿಸುವ ಸಂಸ್ಥೆಯಾದ ಯುಕಾಸ್ 2026ರ ಪ್ರವೇಶದಿಂದ ಒಂದೇ ಉದ್ದನೆಯ ಹೇಳಿಕೆಯನ್ನು ಕೈಬಿಟ್ಟು 3 ಪ್ರಶ್ನೆಗಳನ್ನಿಟ್ಟಿದೆ. ಮೂರೂ ಸೇರಿ, ಖಾಲಿ ಜಾಗವೂ ಲೆಕ್ಕಕ್ಕೆ ಬಂದು, 4,000 ಅಕ್ಷರ ಮಾತ್ರ. ಅಮೆರಿಕದವರು ನೀವು ಯಾರೆಂದು ಕೇಳಿದರೆ, ಬ್ರಿಟನ್ನಿನವರು ಈ ವಿಷಯವನ್ನೇ ಏಕೆ ಓದುತ್ತೀರಿ, ಅದಕ್ಕೆ ಹೇಗೆ ಸಿದ್ಧರಾಗಿದ್ದೀರಿ ಎಂದು ಕೇಳುತ್ತಾರೆ. ಒಂದೇ ಬರಹವನ್ನು ಎರಡೂ ಕಡೆ ಅಂಟಿಸಿದರೆ ಒಂದು ಕಡೆಯಂತೂ ಕೆಡುತ್ತದೆ.

ಎರಡನೆಯದಾಗಿ, ನಿಮ್ಮ ಬದುಕಿನ ಒಂದು ಚಿಕ್ಕ ಘಟನೆಯನ್ನು ಆರಿಸಿಕೊಳ್ಳಿ. ದೊಡ್ಡ ದುಃಖವನ್ನು ಹುಡುಕಿಕೊಂಡು ಹೋಗಬೇಡಿ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಘಟನೆಯಿಂದ ಯೋಚನೆಗೆ ದಾಟುವಲ್ಲಿ. ಮಂಡ್ಯದ ಕಡೆಯ ವಿದ್ಯಾರ್ಥಿನಿಯೊಬ್ಬಳು ತಾತನ ಆಲೆಮನೆಯ ಬಗ್ಗೆ ಬರೆದು ತಂದಿದ್ದಳು. ‘ಮಂಡ್ಯ ಸಕ್ಕರೆಯ ನಾಡು, ರೈತ ದೇಶದ ಬೆನ್ನೆಲುಬು’ ಎಂದು ಆರಂಭವಾಗಿದ್ದ ಆ ಬರಹ ‘ತಾತನಿಂದ ನಾನು ಶ್ರಮದ ಮಹತ್ವ ಕಲಿತೆ’ ಎಂದು ಮುಗಿದಿತ್ತು. ಅದನ್ನು ಯಾವ ಮೊಮ್ಮಗಳು ಬೇಕಾದರೂ ಬರೆಯಬಹುದಿತ್ತು. ಹಾಳೆಯನ್ನು ಮಗುಚಿಟ್ಟು, ಆಲೆಮನೆಯಲ್ಲಿ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದನ್ನು ನೋಡುತ್ತಿದ್ದೆ ಎಂದಳು. ಆಮೇಲೆ? ಪಾಕವನ್ನು ತಣ್ಣೀರಿಗೆ ಬಿಟ್ಟು ಹದ ನೋಡುವುದನ್ನು ತಾತ ಕಲಿಸಿದ್ದರು. ಜಗಳವೇನಾದರೂ ಆಗಿತ್ತೇ? ಆಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಲ್ಲ ಬೆಳ್ಳಗಾಗಲೆಂದು ತಾತ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವಾಗ ತಾನು ತಡೆದದ್ದನ್ನೂ, ‘ಕಪ್ಪು ಬೆಲ್ಲವನ್ನು ನೀನು ಕೊಂಡುಕೊಳ್ಳುತ್ತೀಯೇನಮ್ಮ?’ ಎಂದು ಅವರು ಕೇಳಿದಾಗ ತನಗೆ ಉತ್ತರ ಹೊಳೆಯದಿದ್ದದ್ದನ್ನೂ ಹೇಳಿದಳು.

ಪ್ರಬಂಧ ಅಲ್ಲಿತ್ತು. ಹೊಸ ಕರಡು ತಾತನ ಆ ಪ್ರಶ್ನೆಯಿಂದಲೇ ಶುರುವಾಯಿತು. ಪುಸ್ತಕದ ರಸಾಯನಶಾಸ್ತ್ರ ತನಗೆ ಗೊತ್ತಿದ್ದರೂ ಪೇಟೆಯ ಲೆಕ್ಕ ಗೊತ್ತಿರಲಿಲ್ಲವೆಂಬುದನ್ನು ಅವಳು ಒಪ್ಪಿಕೊಂಡಳು, ಲೋಳೆಯನ್ನಷ್ಟೇ ಬಳಸಿ ಬಣ್ಣವನ್ನು ಎಷ್ಟು ತಿಳಿಯಾಗಿಸಬಹುದು ಎಂದು ಮನೆಯ ಒಲೆಯ ಮೇಲೆ ನಾಲ್ಕು ಬಾರಿ ಪ್ರಯತ್ನಿಸಿ ಮೂರು ಬಾರಿ ಸೀಯಿಸಿದ್ದನ್ನೂ ಬರೆದಳು. ಶ್ರಮ, ಮಹತ್ವ ಎಂಬ ಪದಗಳು ಎಲ್ಲಿಯೂ ಬರಲಿಲ್ಲ. ನೀವೂ ಹೀಗೆಯೇ ಪ್ರತಿ ವಾಕ್ಯದ ಮುಂದೆ ‘ಆಮೇಲೆ?’, ‘ಆಗ ಏನನ್ನಿಸಿತು?’, ‘ಎಲ್ಲಿ ತಪ್ಪಿದೆ?’ ಎಂದು ಕೇಳಿಕೊಳ್ಳುತ್ತಾ ಹೋಗಿ. ನಿಮ್ಮ ತರಗತಿಯ ಇನ್ನೊಬ್ಬರ ಹೆಸರು ಹಾಕಿದರೂ ನಿಜವಾಗಿ ಉಳಿಯುವ ವಾಕ್ಯವನ್ನು ಹೊಡೆದುಹಾಕಿ.

ಮೊದಲ ಕರಡು ಕನ್ನಡದಲ್ಲೇ ಇರಬೇಕು ಎಂಬುದು ನನ್ನ ಹಟ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕುಳಿತ ಮಕ್ಕಳು ಗೈಡಿನ ಭಾಷೆಗೆ ಜಾರುತ್ತಾರೆ, ತಾತನ ಮಾತು ಅಲ್ಲಿಯೇ ಕಳೆದುಹೋಗುತ್ತದೆ. ‘ಆಯ್ಕೆಯಾದ ನೂರು ಪ್ರಬಂಧಗಳು’ ಎಂಬಂಥ ಜೆರಾಕ್ಸ್ ಕಟ್ಟುಗಳನ್ನು ಮನೆಗೆ ತರಬೇಡಿ. ಒಮ್ಮೆ ಓದಿದರೆ ಆ ಧಾಟಿ ನಾಲಿಗೆಗೆ ಅಂಟಿಕೊಳ್ಳುತ್ತದೆ. ಯಂತ್ರದಿಂದ ಬರೆಸುವುದು ಇನ್ನೂ ಕೆಟ್ಟ ಅಡ್ಡದಾರಿ: ಕೃತಕ ಬುದ್ಧಿಮತ್ತೆ ಬರೆದುಕೊಟ್ಟದ್ದನ್ನು ಸ್ವಂತದ್ದೆಂದು ಸಲ್ಲಿಸುವುದನ್ನು ಕಾಮನ್ ಆ್ಯಪ್‌ನ ನಿಯಮಗಳು ವಂಚನೆಯೆಂದೇ ಎಣಿಸುತ್ತವೆ, ಯುಕಾಸ್ ಕೂಡ ಬರಹಗಳನ್ನು ಪರಸ್ಪರ ಹೋಲಿಸಿ ನೋಡುತ್ತದೆ.

ಇಂಗ್ಲಿಷಿಗೆ ತಂದ ನಂತರ ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ, ಉಸಿರು ಕಟ್ಟುವಲ್ಲಿ ಕತ್ತರಿಸಿ.

ಒಬ್ಬರಿಗೆ ಮಾತ್ರ ತೋರಿಸಿ. ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು, ಅಮೆರಿಕದಲ್ಲಿರುವ ಸೋದರಮಾವನ ಮಗ, ಮೂವರೂ ತಿದ್ದಿದ ಪ್ರಬಂಧದಲ್ಲಿ ನಿಮ್ಮ ದನಿ ಉಳಿಯುವುದಿಲ್ಲ.

ಕೊನೆಯ ದಿನದವರೆಗೆ ಕಾಯದೆ ಸಲ್ಲಿಸಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಿಗೆ ಅಕ್ಟೋಬರ್ 15ರಂದು ಅಲ್ಲಿನ ಸಂಜೆ 6 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 10.30, ಆ ಹೊತ್ತಿಗೆ ಮನೆಯ ಕರೆಂಟನ್ನು ನಂಬಿ ಕೂರಬೇಡಿ.