ಸ್ಟೀವನ್ಸ್ ಫೇವರಿಟ್: ಇಸವಿ ಸಿಕ್ಕಿದ್ದು ನಂಬರಿನಲ್ಲಲ್ಲ, ವಿಳಾಸದಲ್ಲಿ

ಸ್ಟೀವನ್ಸ್ ಫೇವರಿಟ್ ಎಂಬ ಅಮೆರಿಕದ ಹಳೆಯ ಕೋವಿ ಯಾವ ಇಸವಿಯದೆಂದು ತಿಳಿಯಬೇಕಿತ್ತು. ಮೊದಲು ಲಿವರ್ ಕೆಳಗೆಳೆದು ಛೇಂಬರ್, ಅಂದರೆ ತೋಟಾ ಕೂರುವ ಗೂಡು, ಖಾಲಿಯೇ ಎಂದು ನೋಡಿಕೊಂಡೆ. ಸೀರಿಯಲ್ ನಂಬರ್ ಹಿಡಿದು ಹೊರಟದ್ದೇ ತಪ್ಪು. ಈ ಅಗ್ಗದ ಒಂಟಿ ತೋಟಾದ ಕೋವಿಗಳಲ್ಲಿ ಅದರಿಂದ ಇಸವಿ ಹೊರಡುವುದಿಲ್ಲ. ಹೇಳುವುದು ಬ್ಯಾರೆಲ್ ಮೇಲೆ ಕೊರೆದ ತಯಾರಕರ ವಿಳಾಸ, ಅದೋ ತುಕ್ಕಿನಡಿ ಹೂತಿತ್ತು. ಎಮರಿ ಕಾಗದ ಮುಟ್ಟಿಸಲಿಲ್ಲ, ತುಕ್ಕಿನ ಜತೆ ಅಕ್ಷರವೂ ಹೋಗುತ್ತದೆ. ತೆಳು ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ‘ಆರ್ಮ್ಸ್ ಅಂಡ್ ಟೂಲ್ ಕಂಪನಿ, ಚಿಕಪೀ ಫಾಲ್ಸ್’ ಬೆಳ್ಳಗೆ ಎದ್ದು ಬಂತು.

‘ಟೂಲ್’ ಪದವಿದ್ದರೆ ಸುಮಾರು 1916ಕ್ಕೆ ಮುಂಚಿನದು. ಆ ಹೊತ್ತಿಗೆ ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಎಂಬ ಕಂಪನಿ ರಷ್ಯಾಕ್ಕೆ ಮೊಸಿನ್-ನಗಾಂತ್ ಸೇನಾ ರೈಫಲ್ ತಯಾರಿಸಲೆಂದು ಸ್ಟೀವನ್ಸ್ ಕಾರ್ಖಾನೆ ಕೊಂಡಿತು, ಹೆಸರಿನಿಂದ ‘ಟೂಲ್’ ಬಿದ್ದುಹೋಯಿತು. 1920ರಲ್ಲಿ ಅದು ಸ್ಯಾವೇಜ್ ಎಂಬ ಕೋವಿ ಕಂಪನಿಯ ಪಾಲಾಯಿತು.

ಕ್ಯಾಲಿಬರ್, ಅಂದರೆ ತೋಟಾದ ಅಳತೆ, ಮಾತ್ರ ಊಹಿಸಬೇಡಿ. ಫೇವರಿಟ್ .22, .25, .32 ಮೂರರಲ್ಲೂ ಬಂದಿದೆ. ನಳಿಗೆಯ ಬಾಯಿ ಸವೆದಿರುತ್ತದೆ, ಅಲ್ಲಿ ಕ್ಯಾಲಿಪರ್ ಸುಳ್ಳು ಹೇಳೀತು. ಛೇಂಬರಿನ ಅಚ್ಚು ತೆಗೆಸಿ ಅಳೆಯಿರಿ. .22 ಆದರೂ ಹೈ-ವೆಲಾಸಿಟಿ (ಹೆಚ್ಚು ವೇಗದ) ತೋಟಾ ಬೇಡ. ಲಿವರಿನ ಪಿನ್, ಸ್ಕ್ರೂಗಳು ಸವೆದು, ತೋಟಾದ ಹಿಂಬದಿ ಮುಚ್ಚುವ ಬ್ರೀಚ್ ಆಗಲೇ ಅಲುಗಾಡುತ್ತಿರುತ್ತದೆ.