ಡ್ರಾ ಶಾಟ್‌ನಲ್ಲಿ ಜಾರುತ್ತಿದ್ದ ಕ್ಯೂ, ನೆರವಿಗೆ ಬಂದ ಹಳೇ ನಾಲ್ಕಾಣೆ

ಮೂರು ವಾರ ಒಂದೇ ಗೋಳು. ಪೂಲ್ ಟೇಬಲ್ ಮೇಲೆ ಏಟ್-ಬಾಲ್ ಆಡುವಾಗ ಕ್ಯೂನಿಂದ, ಅಂದರೆ ಹೊಡೆಯುವ ಕೋಲಿನಿಂದ, ಬಿಳಿ ಚೆಂಡಿನ ಕೆಳಭಾಗಕ್ಕೆ ಹೊಡೆದು ಅದನ್ನು ಹಿಂದಕ್ಕೆ ಎಳೆಯೋಣವೆಂದರೆ (ಇದೇ ಡ್ರಾ ಶಾಟ್) ‘ಟಕ್’ ಅಂತ ಸದ್ದು, ಚೆಂಡು ಎಲ್ಲಿಗೋ. ಏರಿಯಾ ಟೂರ್ನಿಯಲ್ಲಿ ಕಪ್ಪು ಚೆಂಡೊಂದೇ ಬಾಕಿ ಇದ್ದಾಗ ಹೀಗಾಗಿ ಸೋತೆ. ಸಿಟ್ಟಿಗೆ ಹೊಸ ಕ್ಯೂ ಕೊಳ್ಳಲು ಹೊರಟಿದ್ದೆ.

ಟೇಬಲ್ ನೋಡಿಕೊಳ್ಳುವ ಅಣ್ಣ ಕ್ಯೂ ತುದಿಯ ಟಿಪ್ ಮೇಲೆ ಬೆರಳಾಡಿಸಿ, “ಇದೇನಪ್ಪ, ಗಾಜಿನ ಥರ ಇದೆ! ಚಾಕ್ ಎಲ್ಲಿ ನಿಲ್ಲುತ್ತೆ?” ಅಂದರು. ಚಾಕ್ ಎಂದರೆ ಟಿಪ್ ಜಾರದಿರಲೆಂದು ಹಚ್ಚುವ ಪುಡಿ. ಅವರು ಹೇಳಿದ್ದು ನಿಜ. 13 ಮಿ.ಮೀ. ಚರ್ಮದ ಟಿಪ್ ಏಟು ತಿಂದೂ ತಿಂದೂ ಚಪ್ಪಟೆಯಾಗಿತ್ತು. ಅಮೆರಿಕದ ಆಟಗಾರರು ಟಿಪ್‌ನ ದುಂಡುತನಕ್ಕೆ ತಮ್ಮ ನಿಕಲ್ ಅಥವಾ ಡೈಮ್ ನಾಣ್ಯವನ್ನು ಅಳತೆಯಾಗಿಟ್ಟುಕೊಳ್ಳುತ್ತಾರೆ. ನನ್ನ ಹತ್ತಿರ ಅವೆಲ್ಲಿ? ಡಬ್ಬಿಯಲ್ಲಿದ್ದ ಸ್ಟೀಲ್ ನಾಲ್ಕಾಣೆ 19 ಮಿ.ಮೀ., ಅವೆರಡರ ನಡುವಿನ ಅಳತೆ. ಸ್ಯಾಂಡ್‌ಪೇಪರ್‌ನಿಂದ ಸುತ್ತಲೂ ಉಜ್ಜಿ, ನಾಣ್ಯದ ಅಂಚಿಗೆ ಹೊಂದಿಸಿದೆ.

ಆದರೂ ಹತ್ತಕ್ಕೆ ಎರಡು ಜಾರುತ್ತಿದ್ದವು. ಅದು ನನ್ನ ಕೈಯ ತಪ್ಪು. ಚೆಂಡಿನ ವ್ಯಾಸ 57 ಮಿ.ಮೀ.; ನಡುವಿನಿಂದ ಸುಮಾರು 14 ಮಿ.ಮೀ. ದಾಟಿದರೆ ಎಂಥ ಟಿಪ್ ಆದರೂ ಜಾರುತ್ತದೆ. ಹಾಗಾಗಿ ಬಿಳಿ ಚೆಂಡಿನ ಬದಲು ಪಟ್ಟೆ ಚೆಂಡನ್ನು, ಪಟ್ಟೆ ಅಡ್ಡಲಾಗಿ ಬರುವಂತೆ, ಇಟ್ಟು ಹೊಡೆದೆ. ಪಟ್ಟೆಯ ಅಂಚೇ ಹೆಚ್ಚುಕಡಿಮೆ ಆ ಗಡಿ. ಚಾಕ್ ಕಲೆ ನೋಡಿದರೆ ಪಟ್ಟೆಯ ಕೆಳಗೇ ಬಿದ್ದಿತ್ತು! ಹೊಡೆಯುವ ಕ್ಷಣದಲ್ಲಿ ಕ್ಯೂ ಹಿಡಿದ ಕೈ ಮೇಲೇಳುತ್ತಿತ್ತು.

ಹತ್ತು ದಿನದಲ್ಲಿ ಕಲೆಗಳು ಪಟ್ಟೆಯೊಳಗೆ ಬಂದವು. ಕ್ಯೂ ಅದೇ ಹಳೆಯದು, ಖರ್ಚು 20 ರೂಪಾಯಿ.