ತೆಳ್ಳಗಿನ ಮೈ, ಗೊರಕೆಯ ರಾತ್ರಿ: ಮಾರ್ಫಾನ್ ರೋಗಿಗಳ ಜೊತೆ ನನ್ನ ಅನುಭವ

ಮೈಸೂರಿನಲ್ಲಿ ಶ್ವಾಸಕೋಶ ವೈದ್ಯನಾಗಿರುವ ನನ್ನ ಬಳಿಗೆ ಗೊರಕೆಯ ದೂರು ಹೊತ್ತು ಬರುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ, ಕತ್ತು ದಪ್ಪಗಿರುವ, ಹೊಟ್ಟೆ ಮುಂದೆ ಬಂದಿರುವ ಗಂಡಸರು. ಅವರನ್ನೇ ನೋಡಿ ನೋಡಿ ಕಣ್ಣು ಪಳಗಿದ್ದರಿಂದಲೋ ಏನೋ, ಕೆಲವು ವರ್ಷಗಳ ಹಿಂದೆ ಮದ್ದೂರಿನ ಕಡೆಯ ಹಳ್ಳಿಯೊಂದರಿಂದ ಬಂದ 31 ವರ್ಷದ ಕಬ್ಬು ಬೆಳೆಗಾರರೊಬ್ಬರನ್ನು ನಾನು ಮೊದಲ ಸಲ ಸರಿಯಾಗಿ ನೋಡಲೇ ಇಲ್ಲ. ಆರಡಿ ಮೂರಂಗುಲ ಎತ್ತರ, 62 ಕಿಲೋ ತೂಕ, ಉದ್ದನೆಯ ಮುಖ, ಜೇಡನ ಕಾಲಿನಂಥ ನೀಳ ಬೆರಳುಗಳು. ಅವರಿಗೆ ಮಾರ್ಫಾನ್ ಸಿಂಡ್ರೋಮ್, ಅಂದರೆ ಮೈಯನ್ನು ಕಟ್ಟಿಹಿಡಿಯುವ ಎಳೆಗಳು ಸಡಿಲವಾಗುವ ವಂಶವಾಹಿ ಕಾಯಿಲೆ, ಇದೆಯೆಂದು ಹೃದಯ ತಜ್ಞರು ಆಗಲೇ ಗುರುತಿಸಿದ್ದರು. ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಬುಡ 43 ಮಿಲಿಮೀಟರ್‌ಗೆ ಹಿಗ್ಗಿತ್ತು, ಅದರ ಮೇಲಿನ ಒತ್ತಡ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನಡೆದಿತ್ತು. ಹಗಲಿಡೀ ಸುಸ್ತು, ಕೂತಲ್ಲೇ ತೂಕಡಿಕೆ ಎಂಬ ಕಾರಣಕ್ಕೆ ಅವರನ್ನು ನನ್ನಲ್ಲಿಗೆ ಕಳುಹಿಸಿದ್ದರು.

ನಾನು ಮಾಡಿದ್ದು ಇಷ್ಟೇ: ಎದೆಯ ಎಕ್ಸ್‌ರೇ ನೋಡಿದೆ, ಒಂದು ರಾತ್ರಿ ಬೆರಳಿಗೆ ಆಕ್ಸಿಮೀಟರ್ ಕಟ್ಟಿಕೊಂಡು ಮಲಗಲು ಹೇಳಿದೆ. ಆಮ್ಲಜನಕ ಎಲ್ಲಿಯೂ ಶೇ 91ಕ್ಕಿಂತ ಕೆಳಗೆ ಇಳಿದಿರಲಿಲ್ಲ. ತ್ರಿಫೇಸ್ ಕರೆಂಟು ರಾತ್ರಿ ಹೊತ್ತು ಬಂದಾಗ ಎದ್ದು ಹೋಗಿ ಪಂಪ್‌ಸೆಟ್ ಹಾಕಿ ಗದ್ದೆಗೆ ನೀರು ಕಟ್ಟುವವರಿಗೆ ಹಗಲು ನಿದ್ದೆ ಬರದೆ ಇನ್ನೇನು ಎಂದು ನಾನೇ ಒಂದು ಕಾರಣವನ್ನು ಹುಡುಕಿಕೊಟ್ಟು, ಉಳಿದದ್ದನ್ನು ಮಾತ್ರೆಯ ತಲೆಗೆ ಕಟ್ಟಿ ಕಳುಹಿಸಿದೆ. ಎಂಟು ತಿಂಗಳ ನಂತರ ಅವರ ಹೆಂಡತಿ ಮೊಬೈಲು ಹಿಡಿದುಕೊಂಡೇ ಒಳಗೆ ಬಂದರು. "ಉಸ್ರೇ ನಿಂತೋಯ್ತದೆ ಡಾಕ್ಟ್ರೇ, ಆಮ್ಯಾಕೆ ದಡಕ್ಕನೆ ಎದ್ದು ಕೂತ್ಕತಾರೆ. ನೀವೇ ನೋಡಿ," ಎಂದು ವಿಡಿಯೊ ತೋರಿಸಿದರು. ಎದೆಗೂಡು ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ಹೊಟ್ಟೆ ಮೇಲೇಳುತ್ತಿತ್ತು, ಮೂಗು ಬಾಯಿಗಳಲ್ಲಿ ಮಾತ್ರ ಗಾಳಿಯ ಸದ್ದೇ ಇರಲಿಲ್ಲ. ಆ ವಿಡಿಯೊ ನೋಡಿದ ಮೇಲೆ ವೈದ್ಯನಿಗೆ ಹೆಚ್ಚಿನ ಬುದ್ಧಿಯೇನೂ ಬೇಕಾಗಿರಲಿಲ್ಲ.

ಪ್ರಯೋಗಾಲಯದಲ್ಲಿ ಮಿದುಳಿನ ಅಲೆಗಳನ್ನೂ ದಾಖಲಿಸುವ ಪೂರ್ಣ ನಿದ್ರಾ ಪರೀಕ್ಷೆ, ಪಾಲಿಸೋಮ್ನೋಗ್ರಫಿ, ಮಾಡಿದಾಗ ಗಂಟೆಗೆ 27 ಸಲ ಉಸಿರು ನಿಲ್ಲುವುದೋ ಕುಗ್ಗುವುದೋ ಆಗುತ್ತಿತ್ತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಹೀಗೆ ಉಸಿರು ಕಟ್ಟುವುದೇ ಸ್ಲೀಪ್ ಅಪ್ನಿಯಾ. ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕೂ ಮೇಲಾದರೆ ತೀವ್ರ ಎಂಬುದು ರೂಢಿಯ ಲೆಕ್ಕ. ಆದರೆ ನನ್ನ ತಪ್ಪು ಎಲ್ಲಿತ್ತೆಂದು ತೋರಿಸಿದ್ದು ಆ ಸಂಖ್ಯೆಗಿಂತ ಹೆಚ್ಚಾಗಿ ಅದರ ಒಳವಿವರ. ತೆಳ್ಳಗಿನ, ಶ್ವಾಸಕೋಶ ಚೆನ್ನಾಗಿರುವ ಯುವಕರಲ್ಲಿ ಗಂಟಲು ಮುಚ್ಚಿಕೊಂಡ ಕೆಲವೇ ಸೆಕೆಂಡುಗಳಲ್ಲಿ ಮಿದುಳು ಎಚ್ಚೆತ್ತು ದಾರಿಯನ್ನು ತೆರೆದುಬಿಡುವುದರಿಂದ ಆಮ್ಲಜನಕ ಇಳಿಯುವಷ್ಟು ಹೊತ್ತೇ ಸಿಗುವುದಿಲ್ಲ. ನಿದ್ದೆ ಚೂರುಚೂರಾಗಿರುತ್ತದೆ, ಆಕ್ಸಿಮೀಟರ್ ಮಾತ್ರ ಎಲ್ಲವೂ ಕ್ಷೇಮವೆಂದು ವರದಿ ಕೊಡುತ್ತದೆ. ಅಂದಿನಿಂದ ಈ ರೋಗಿಗಳಲ್ಲಿ ಬರೀ ಆಕ್ಸಿಮೀಟರನ್ನು ನಂಬಿ ತೊಂದರೆ ಇಲ್ಲವೆಂದು ನಾನು ಹೇಳಿಲ್ಲ.

ಇವರ ಗಂಟಲು ಯಾಕೆ ಮುಚ್ಚಿಕೊಳ್ಳುತ್ತದೆ ಎಂಬುದು ಬಾಯಿ ತೆರೆಸಿದರೆ ಅರ್ಧ ತಿಳಿಯುತ್ತದೆ. ಅಂಗುಳ ಗೋಪುರದಂತೆ ಎತ್ತರಕ್ಕೆ ಹೋಗಿ ಇಕ್ಕಟ್ಟಾಗಿರುತ್ತದೆ. ಅಂಗುಳವೇ ಮೂಗಿನ ನೆಲವಾದ್ದರಿಂದ ಮೂಗಿನ ದಾರಿಯೂ ಕಿರಿದಾಗುತ್ತದೆ, ಕೆಳದವಡೆ ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲದು. ಇನ್ನರ್ಧ ಕಣ್ಣಿಗೆ ಕಾಣದ್ದು. 1896ರಲ್ಲಿ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ ಮೊದಲು ವರ್ಣಿಸಿದ ಲಕ್ಷಣಗಳಿಗೆ ಎಫ್‌ಬಿಎನ್1 ಎಂಬ ವಂಶವಾಹಿಯ ದೋಷ ಕಾರಣವೆಂದು 1991ರಲ್ಲಿ ಖಚಿತವಾಯಿತು. ಆ ವಂಶವಾಹಿ ತಯಾರಿಸುವ ಫೈಬ್ರಿಲಿನ್ ಎಂಬ ಎಳೆ ಮಹಾಪಧಮನಿಯ ಗೋಡೆಯಲ್ಲೂ ಇದೆ, ಕಣ್ಣಿನ ಮಸೂರವನ್ನು ಕಟ್ಟಿಹಿಡಿದ ದಾರಗಳಲ್ಲೂ ಇದೆ, ಗಂಟಲಿನ ಮೆದು ಭಾಗದಲ್ಲೂ ಇದೆ. ಎಳೆ ಸಡಿಲವಾದರೆ ಗಂಟಲು ಒದ್ದೆ ಬಟ್ಟೆಯ ಕೊಳವೆಯಂತೆ ಕುಸಿಯುತ್ತದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 61 ಮಾರ್ಫಾನ್ ರೋಗಿಗಳ ಪೈಕಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಸ್ಲೀಪ್ ಅಪ್ನಿಯಾ ಇತ್ತು, ಅಂಥವರ ಮಹಾಪಧಮನಿಯ ಬುಡ ಉಳಿದವರಿಗಿಂತ ಅಗಲವಾಗಿತ್ತು. ಕೀಲುಗಳು ಅತಿಯಾಗಿ ಬಾಗುವ ಏಲರ್ಸ್–ಡಾನ್ಲಾಸ್ ಸಿಂಡ್ರೋಮ್‌ನಲ್ಲೂ ಕಥೆ ಹೆಚ್ಚುಕಡಿಮೆ ಇದೇ: 2017ರ ಅಧ್ಯಯನದಲ್ಲಿ 100 ರೋಗಿಗಳಲ್ಲಿ 32 ಮಂದಿಗೆ ಅಪ್ನಿಯಾ ಇದ್ದರೆ, ಹೋಲಿಕೆಗಾಗಿ ಆರಿಸಿದ್ದ ಆರೋಗ್ಯವಂತರಲ್ಲಿ ಶೇ 6 ಮಾತ್ರ.

ಹೃದಯದ ಮಾತಿಗೆ ಬರುತ್ತೇನೆ, ಏಕೆಂದರೆ ಆ ದಂಪತಿಗೆ ವಿವರಿಸಲು ನಾನು ಹೆಚ್ಚು ಹೊತ್ತು ತೆಗೆದುಕೊಂಡದ್ದು ಇದಕ್ಕೇ. ಗಂಟಲು ಮುಚ್ಚಿರುವಾಗ ಎದೆ ಗಾಳಿಗಾಗಿ ಬಲವಾಗಿ ಜಗ್ಗುತ್ತದೆ. ಬೋರ್‌ವೆಲ್ ಪೈಪಿನ ಬಾಯಿ ಕಟ್ಟಿಕೊಂಡಾಗಲೂ ಮೋಟಾರು ಎಳೆಯುತ್ತಲೇ ಇದ್ದರೆ ಪೈಪಿನ ಒಳಗೆ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹಾಗೆ ಎದೆಗೂಡಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಬಹಳ ಕೆಳಗೆ ಇಳಿದಾಗ, ಅದರೊಳಗೇ ಇರುವ ಮಹಾಪಧಮನಿಯ ಗೋಡೆಯನ್ನು ಒಳಗಿನಿಂದ ರಕ್ತ ತಳ್ಳುತ್ತದೆ, ಹೊರಗಿನಿಂದ ಈ ಸೆಳೆತ ಎಳೆಯುತ್ತದೆ. ಮರುಕ್ಷಣ ಬೆಚ್ಚಿ ಎಚ್ಚರವಾದಾಗ ರಕ್ತದೊತ್ತಡ ಥಟ್ಟನೆ ಏರುತ್ತದೆ. ಮೊದಲೇ ಎಳೆ ಸಡಿಲವಾದ ಗೋಡೆಗೆ ಇದು ಗಂಟೆಗೆ 27 ಸಲ, ರಾತ್ರಿಯುದ್ದಕ್ಕೂ. ಹಗಲು ನನ್ನ ಕೋಣೆಯಲ್ಲಿ ಅಳೆದ 116/74 ಎಂಬ ರಕ್ತದೊತ್ತಡ ಇದಾವುದನ್ನೂ ಹೇಳಿರಲಿಲ್ಲ. 24 ಗಂಟೆಯ ಬಿಪಿ ಯಂತ್ರ ಕಟ್ಟಿದಾಗ ನಿದ್ದೆಯಲ್ಲಿ ಸಹಜವಾಗಿ ಇಳಿಯಬೇಕಾದ ಒತ್ತಡ ಇಳಿದಿರಲಿಲ್ಲ.

ಚಿಕಿತ್ಸೆಗೆ ಸಿಪ್ಯಾಪ್ ಯಂತ್ರವನ್ನೇ ಆರಿಸಿದೆ. ಮೂಗಿಗೆ ಕಟ್ಟಿದ ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಗಂಟಲನ್ನು ತೆರೆದಿಡುವ ಈ ಉಪಾಯವನ್ನು 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ವರ್ಣಿಸಿದರು. ಮಾರ್ಫಾನ್ ರೋಗಿಗಳ ಗಂಟಲು ಮತ್ತು ಮೂಗಿನ ತೊಂದರೆಯನ್ನು 1990ರ ದಶಕದಲ್ಲಿ ಬಿಡಿಸಿ ಹೇಳಿದವರೂ ಅವರು ಮತ್ತು ಅವರ ಸಹೋದ್ಯೋಗಿ ಪೀಟರ್ ಸಿಸ್ಟುಲಿ. ಆದರೆ ಮಾರ್ಫಾನ್ ರೋಗಿಗಳಿಗೆ ಯಂತ್ರ ಕೊಡುವ ಮೊದಲು ನಾನು ಒಂದು ವಿಷಯವನ್ನು ಕಡ್ಡಾಯವಾಗಿ ಕೇಳುತ್ತೇನೆ: ಹಿಂದೆ ಯಾವಾಗಲಾದರೂ ಶ್ವಾಸಕೋಶ ತೂತಾಗಿ ಎದೆಯಲ್ಲಿ ಗಾಳಿ ತುಂಬಿಕೊಂಡಿತ್ತೇ? ಮಾರ್ಫಾನ್‌ನಲ್ಲಿ ಶ್ವಾಸಕೋಶದ ತುದಿಯಲ್ಲಿ ಗಾಳಿಗುಳ್ಳೆಗಳಿರುವುದುಂಟು, ಅಂಥವರಿಗೆ ಒತ್ತಡದ ಗಾಳಿ ಕೊಡಲು ಕೈ ಹಿಡಿತದಲ್ಲಿರಬೇಕು. ಈ ಬೆಳೆಗಾರರಿಗೆ ಅದು ಆಗಿರಲಿಲ್ಲ. ಆದರೂ ಕಡಿಮೆ ಒತ್ತಡದಿಂದ ಶುರುಮಾಡಿ, ಥಟ್ಟನೆ ಎದೆನೋವೋ ಉಬ್ಬಸವೋ ಬಂದರೆ ಯಂತ್ರ ಕಿತ್ತಿಟ್ಟು ನೇರ ಆಸ್ಪತ್ರೆಗೆ ಬರಬೇಕೆಂದು ಇಬ್ಬರಿಂದಲೂ ಬಾಯಿಬಿಟ್ಟು ಹೇಳಿಸಿದೆ. ದವಡೆಯನ್ನು ಮುಂದಕ್ಕೆ ತಳ್ಳುವ ಹಲ್ಲಿನ ಸಾಧನ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ದವಡೆಯ ಕೀಲೇ ಸಡಿಲವಾಗಿರುವವರಿಗೆ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಮೊದಲ ಎರಡು ವಾರ ಅವರಿಗೂ ನನಗೂ ತಾಳ್ಮೆಯ ಪರೀಕ್ಷೆಯಾಯಿತು. ಉದ್ದನೆಯ ಕಿರಿದಾದ ಮುಖಕ್ಕೆ ಸಾಮಾನ್ಯ ಅಳತೆಯ ಮುಖವಾಡ ಕೂರದೆ ಕಣ್ಣಿನ ಬದಿಯಿಂದ ಗಾಳಿ ಸೋರುತ್ತಿತ್ತು. ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮೆತ್ತೆಯ ಮಾದರಿ ಕೊನೆಗೆ ಒಗ್ಗಿತು. ಕರೆಂಟು ಹೋದಾಗ ಯಂತ್ರ ನಿಲ್ಲುತ್ತಿತ್ತು. ಮನೆಯ ಯುಪಿಎಸ್‌ಗೆ ಜೋಡಿಸಿ, ಯಂತ್ರದಲ್ಲಿ ಗಾಳಿಗೆ ತೇವ ಕೊಡಲು ನೀರು ಬಿಸಿಮಾಡುವ, ಹೆಚ್ಚು ಕರೆಂಟು ತಿನ್ನುವ ಭಾಗವನ್ನು ಬಂದ್ ಮಾಡಿಡಲು ಹೇಳಿದ ಮೇಲೆ ಬ್ಯಾಟರಿ ಬೆಳಗಿನವರೆಗೆ ಬಂತು. ರಾತ್ರಿ ನೀರು ಕಟ್ಟುವ ಪಾಳಿಯನ್ನು ತಮ್ಮನಿಗೆ ವಹಿಸಿ ಎಂದು ಹೇಳಿದ್ದು ವೈದ್ಯಕೀಯವೋ ಸಂಸಾರದ ವಿಷಯಕ್ಕೆ ಕೈಹಾಕಿದ್ದೋ ನನಗೆ ತಿಳಿಯದು, ಅವರು ಮಾತ್ರ ಒಪ್ಪಿದರು. ತಿಂಗಳೊಪ್ಪತ್ತಿನಲ್ಲಿ ಹಗಲಿನ ತೂಕಡಿಕೆ ಹೋಯಿತು. ಸಿಪ್ಯಾಪ್‌ನಿಂದ ಮಹಾಪಧಮನಿ ಹಿಗ್ಗುವುದು ನಿಧಾನವಾಯಿತೆಂಬ ಒಂದೆರಡು ವರದಿಗಳಿವೆ, ಆದರೆ ಅವನ್ನು ತೋರಿಸಿ ನಾನು ಯಾರಿಗೂ ಆಸೆ ಹುಟ್ಟಿಸುವುದಿಲ್ಲ. ಬೀಟಾ ಬ್ಲಾಕರ್ ಅಥವಾ ಲೊಸಾರ್ಟಾನ್ ಎಂಬ ರಕ್ತದೊತ್ತಡದ ಮಾತ್ರೆ ನಡೆಯಲೇಬೇಕು, ಎಕೋ ತಪ್ಪಬಾರದು, ಬುಡ 50 ಮಿಲಿಮೀಟರ್ ಮುಟ್ಟಿದರೆ, ಕೆಲವರಲ್ಲಿ ಅದಕ್ಕೂ ಮೊದಲೇ, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಈಗ ನನ್ನ ಪದ್ಧತಿ ಬದಲಾಗಿದೆ. ಯಾರಿಗೆ ಅಪ್ನಿಯಾ ಇರಬಹುದೆಂದು ಅಂದಾಜಿಸಲು ನಾವು ಬಳಸುವ ಸ್ಟಾಪ್‌ಬ್ಯಾಂಗ್ ಪ್ರಶ್ನಾವಳಿ 50 ದಾಟಿದ ವಯಸ್ಸಿಗೆ, 35 ದಾಟಿದ ಬಿಎಂಐಗೆ (ಎತ್ತರಕ್ಕೆ ತಕ್ಕ ತೂಕದ ಲೆಕ್ಕಕ್ಕೆ), ದಪ್ಪ ಕತ್ತಿಗೆ ಅಂಕ ಕೊಡುತ್ತದೆ. ಮಾರ್ಫಾನ್ ಇರುವ ಯುವಕರು ಅದರಲ್ಲಿ ಸುಲಭವಾಗಿ ಪಾಸಾಗಿಬಿಡುತ್ತಾರೆ. ಹಾಗಾಗಿ ಆ ಹಾಳೆಯನ್ನು ಬದಿಗಿಟ್ಟು ಮಗ್ಗುಲಲ್ಲಿ ಮಲಗುವವರನ್ನೇ ಒಳಗೆ ಕರೆಸಿ ಕೇಳುತ್ತೇನೆ, ಬಾಯಿಗೆ ಟಾರ್ಚು ಬಿಟ್ಟು ಅಂಗುಳ ನೋಡುತ್ತೇನೆ. "ಸೋದರಮಾವನನ್ನೇ ಕಟ್ಟಿಕೊಂಡಿದ್ದರಿಂದ ಹೀಗಾಯಿತೇ?" ಎಂದು ನಮ್ಮ ಕಡೆಯ ತಾಯಂದಿರು ಕೇಳುವುದು ಸಾಮಾನ್ಯ. ಮಾರ್ಫಾನ್‌ಗೆ ರಕ್ತಸಂಬಂಧದ ಮದುವೆ ಬೇಕಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು, ನಾಲ್ವರಲ್ಲಿ ಒಬ್ಬರಿಗೆ ಮನೆಯಲ್ಲಿ ಯಾರಿಗೂ ಇಲ್ಲದೆಯೂ ಹೊಸದಾಗಿ ಬರುತ್ತದೆ. ಆದರೆ ಅಂಥ ಮದುವೆಯ ಮನೆಯಲ್ಲಿ ಎತ್ತರದ ಮಗುವಿನ ಕಣ್ಣಿನ ಮಸೂರ ಕೆಳಕ್ಕೆ ಜಾರಿದ್ದರೆ ನಾನು ರಕ್ತದ ಹೋಮೋಸಿಸ್ಟೀನ್ ಪರೀಕ್ಷೆ ಮಾಡಿಸುತ್ತೇನೆ, ಏಕೆಂದರೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣಿಸುವ ಹೋಮೋಸಿಸ್ಟಿನ್ಯೂರಿಯಾ ಎಂಬ ಬೇರೆಯೇ ಕಾಯಿಲೆ ನೋಡಲು ಮಾರ್ಫಾನ್‌ನಂತೆಯೇ ಇರುತ್ತದೆ.

ಆ ಬೆಳೆಗಾರರ ಒಂಬತ್ತು ವರ್ಷದ ಮಗಳನ್ನೂ ಕರೆತರಲು ಹೇಳಿದ್ದೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿದರೆ, ಮಾರ್ಫಾನ್‌ನಲ್ಲಿ ಕಾಣುವಂತೆ, ಅದರ ತುದಿ ಅಂಗೈಯ ಆಚೆ ಬದಿಯಿಂದ ಇಣುಕಿತು, ಅಂಗುಳ ಅಪ್ಪನದೇ. ಮಹಾಪಧಮನಿ ಅವಳ ಮೈಯಳತೆಗೆ ಸದ್ಯ ಮಿತಿಯಲ್ಲಿದೆ. ದಂತ ವೈದ್ಯರು ಮೇಲ್ದವಡೆಯನ್ನು ನಿಧಾನವಾಗಿ ಅಗಲಿಸುವ ಸಾಧನ ಕೂರಿಸಿದ್ದಾರೆ. ಅವಳ ಮುಂದಿನ ಎಕೋವನ್ನೂ ಅಪ್ಪನದನ್ನೂ ಒಂದೇ ದಿನ ಇಟ್ಟುಕೊಂಡಿದ್ದೇವೆ, ಕಬ್ಬು ಕಡಿದು ಮುಗಿದ ಮೇಲೆ.